ನೀರು ಬಂತು

“ನೀರು ಬಂತೂ!” ಟೈಲರಕ್ಕ ಬಾಗಿಲು ತೆರೆದು ಮೆಟ್ಟಿಲ ಕಡೆಗೆ ಗಂಟಲು ಹರಿಯುವಂತೆ ಕೂಗಿಬಿಟ್ಟಳು. ಬೆಳ್ಳಂಬೆಳಗ್ಗೆಯೇ ತಂಗಿಯ ಅಡುಗೆಮನೆಯ ಕೊಡ, ಬಕೆಟ್ಟು, ಕೊನೆಗೆ ಹಾಲಿನ ಪಾತ್ರೆ ಕೂಡ ತುಂಬಿ ತುಳುಕುತ್ತಿದ್ದವು. ಕೂಗಿದವಳು ಕಿವಿಗೊಟ್ಟು ನಿಂತಳು. ಒಂದು ಬಾಗಿಲೂ ತೆರೆಯಲಿಲ್ಲ, ಒಂದು ಕೊಡವೂ ಸದ್ದು ಮಾಡಲಿಲ್ಲ.

ತಂಗಿ ಕಣ್ಣುಜ್ಜುತ್ತಾ ಓಡಿಬಂದಳು. “ಅಯ್ಯೋ ಅಕ್ಕಾ, ಈ ಊರಲ್ಲಿ ನೀರು ದಿನವಿಡೀ ಬರುತ್ತೆ! ಅಕ್ಕಪಕ್ಕದವ್ರು ಏನಂದ್ಕೋತಾರೆ?”

ಅಕ್ಕ ನಾಚಿ ನಲ್ಲಿ ನಿಲ್ಲಿಸಿದಳು. ನಗರದಲ್ಲಿ ಅವಳಿದ್ದ ಹಳೇ ಕಟ್ಟಡದಲ್ಲಿ ನೀರು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರಲಿಲ್ಲ; ಮೊದಲು ಕಂಡವರು ಕೂಗಿ ಉಳಿದವರನ್ನು ಎಬ್ಬಿಸಬೇಕಿತ್ತು. ಹೆಚ್ಚಾಗಿ ಕೂಗುತ್ತಿದ್ದವಳು ಇವಳೇ, ಅದೂ ನಗರಕ್ಕೆ ಹಿಡಿಶಾಪ ಹಾಕುತ್ತಲೇ. ಇನ್ನು ಆ ದಿಕ್ಕಿಗೆ ತಲೆ ಹಾಕಿಯೂ ಮಲಗುವುದಿಲ್ಲವೆಂದು ನಿನ್ನೆ ಹೊಲಿಗೆ ಮೆಷಿನ್ ಸಮೇತ ಇಲ್ಲಿಗೆ ಬಂದಿಳಿದಿದ್ದಳು. ಹಾಗೆ ಬಂದದ್ದು ಇದೇ ಮೊದಲೇನಲ್ಲ.

ತಂಗಿ ಮೂಲೆಯಲ್ಲಿದ್ದ ಮೆಷಿನ್ನಿಗೆ ಕಟ್ಟಿದ್ದ ಹಗ್ಗಕ್ಕೆ ಕೈ ಹಾಕಿದಳು. “ಇದನ್ನ ಬಿಚ್ಚಲಾ, ಬೇಡ್ವಾ?”

ಅಕ್ಕನ ಕಿವಿ ಇನ್ನೂ ಮೆಟ್ಟಿಲ ಕಡೆಗೇ ಇತ್ತು.

“ಅಲ್ಲಿ ನಮ್ಮ ಕಟ್ಟಡದ ಕೆಳಗಡೆ ಮನೆ ಅಜ್ಜಿಗೆ ಕಿವಿ ಮಂದ ಕಣೇ,” ಎಂದಳು. “ನನ್ನಷ್ಟು ಜೋರಾಗಿ ಬೇರೆ ಯಾರೂ ಕೂಗಲ್ಲ.”