ಕೈಗೆ ಒಗ್ಗಿದ ಮ್ಯಾಂಡೊಲಿನ್

ತಂತಿ ಒತ್ತಿದರೂ ಬೆರಳು ನೋಯಲಿಲ್ಲ. ನಂಬಿಕೆ ಬರದೆ ಅಕ್ಕ ಮತ್ತೊಮ್ಮೆ ಒತ್ತಿದಳು. ಸಂಧಿವಾತಕ್ಕೆ ಕೈಗಳು ಸೋತ ಮೇಲೆ ತಮ್ಮನ ಜೊತೆ ಅಂಗಡಿ ಅಂಗಡಿ ಅಲೆದಿದ್ದಳು. ಒಗ್ಗುವ ಮ್ಯಾಂಡೊಲಿನ್ ಸಿಕ್ಕಿದ್ದು ಇಲ್ಲೇ. ಕತ್ತು ಸಪೂರ, ತಂತಿ ಮೆತ್ತಗೆ, ಮಡಿಲಲ್ಲಿಟ್ಟರೆ ಭಾರವೇ ಇಲ್ಲ. ಇಬ್ಬರೂ ಸೇರಿ ಕಟ್ಟಿದ ವಾದ್ಯವೃಂದದ ಹಳೆಯದೊಂದು ಹಾಡನ್ನು ಅವಳು ಎಲ್ಲೂ ತಡವರಿಸದೆ ನುಡಿಸಿದಳು. ಅಂಗಡಿಯವನು ಕೈಕೆಲಸ ಬಿಟ್ಟು ಕೇಳುತ್ತ ನಿಂತ.

"ಸದ್ದು ಸ್ವಲ್ಪ ಕಮ್ಮಿ. ಹತ್ತಿರ ಮೈಕ್ ಇಟ್ಟರೆ ಸರಿಹೋಗುತ್ತೆ, ಅಲ್ವೇನೋ?" ಎಂದಳು.

"ಮೈಕ್ ಯಾಕಕ್ಕ, ಮನೇಲಿ ಕೂತು ನುಡಿಸೋಕೆ ಇಷ್ಟು ಸಾಕಲ್ಲ," ಎಂದ ತಮ್ಮ, ಗೋಡೆಯ ಗಿಟಾರುಗಳನ್ನು ನೋಡುತ್ತ.

"ಮತ್ತೆ ಶನಿವಾರದ ಕಾರ್ಯಕ್ರಮ?"

"ನಿನ್ನ ಜಾಗಕ್ಕೆ ನನ್ನ ನಾದಿನಿ ಬಂದಿದ್ದಾಳೆ. ಅಭ್ಯಾಸಾನೂ ಶುರುವಾಗಿದೆ. ನಿಂಗೆ ಬೇಜಾರಾಗಬಾರದು ಅಂತಾನೇ ಇದನ್ನ ಇಷ್ಟು ಹುಡುಕಿದ್ದು."

"ಉಳಿದವರಿಗೆಲ್ಲ ಗೊತ್ತಾ?"

ಅವನು ಹೌದೆಂದು ತಲೆಯಾಡಿಸಿ, ಕಟ್ಟಿಕೊಡಿ ಎಂದು ಅಂಗಡಿಯವನಿಗೆ ಸನ್ನೆ ಮಾಡಿದ.

ಅಕ್ಕ ಎದ್ದು ಮ್ಯಾಂಡೊಲಿನ್ನನ್ನು ತಮ್ಮನ ಕೈಗೇ ಕೊಟ್ಟಳು. "ನಿನ್ನ ಸಮಾಧಾನಕ್ಕೆ ಹುಡುಕಿದ್ದು ತಾನೇ? ನಿನ್ನ ಮನೇಲೇ ಇಟ್ಕೋ," ಎಂದವಳೇ, ಅವನಿಗೆ ಕಾಯದೆ ರಸ್ತೆಗಿಳಿದಳು.