ಬುಟ್ಟಿಯೊಳಗಿನ ಸದ್ದು

ಬುಟ್ಟಿಯೊಳಗಿಂದ ಕರಕರ ಕಡಿಯುವ ಸದ್ದು ಕೇಳಿ, ಮುಚ್ಚಳದ ಮೇಲಿಟ್ಟ ಹಾವಾಡಿಗ ಜಟ್ಟೆಪ್ಪನ ಕೈ ಅಲ್ಲೇ ನಿಂತಿತು. ನಿನ್ನೆ ಸಂಜೆ ತನ್ನ ನಾಗರಹಾವಿಗೆಂದು ಜೀವಂತ ಇಲಿಯನ್ನು ಒಳಗೆ ಬಿಟ್ಟವನು ಅವನೇ. ಹಾವಿನ ಕಣ್ಣು ಬೆಳ್ಳಗೆ ಮಸುಕಾಗಿದ್ದು ಈಗ ನೆನಪಾಯಿತು. ಪೊರೆ ಬಿಡಲು ಕೂತ ಹಾವು ಏನನ್ನೂ ಮುಟ್ಟುವುದಿಲ್ಲ. ಹಸಿದ ಇಲಿ ಸುಮ್ಮನಿರುವುದಿಲ್ಲ. ಎಪ್ಪತ್ಮೂರನೇ ಇಸವಿಯಲ್ಲಿ ಅವನ ಮೊದಲಿನ ಹಾವು ಹೀಗೆಯೇ ಇಲಿಯಿಂದ ಬೆನ್ನು ಕಡಿಸಿಕೊಂಡು, ಗಾಯ ಕೊಳೆತು ಸತ್ತಿತ್ತು. ಬೈಲಹೊಂಗಲದ ಸಂತೆಯಲ್ಲಿ ಹಾವು ಹೆಡೆ ಎತ್ತಿದರೆ ಮಾತ್ರ ಅವನ ಮನೆಯ ಒಲೆ ಹೊತ್ತುತ್ತಿತ್ತು.

“ಏನ ನೋಡಕೋಂತ ಕುಂತೀರಿ? ತಗೀರಿ,” ಎಂದಳು ಹೆಂಡತಿ ಲಗಮವ್ವ.

ಜಟ್ಟೆಪ್ಪ ಮುಚ್ಚಳ ತೆಗೆದ. ಹಾವು ಸುರುಳಿ ಸುತ್ತಿ ಮಲಗಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ಮೂತಿಯ ಹತ್ತಿರ ಹಳೆಯ ಪೊರೆ ಬಿಟ್ಟುಕೊಳ್ಳುತ್ತಿತ್ತು. ಪಕ್ಕದಲ್ಲೇ ಇಲಿ, ಮುಂಗಾಲುಗಳಲ್ಲಿ ಒಣಗಿ ಗರಿಗರಿಯಾದ ಕಟಕ ರೊಟ್ಟಿಯ ಚೂರು ಹಿಡಿದು ಕಡಿಯುತ್ತಿತ್ತು.

“ರೊಟ್ಟಿ ಯಾರ ಹಾಕಿದ್ರು?”

“ನಾನಽ ಹಾಕೇನ್ರಿ. ಹೆಂಗೂ ಸಾಯೂ ಜೀವ, ಹಸಗೊಂಡ ಯಾಕ ಸಾಯಬೇಕು?”

ಬೇರೆ ದಿನವಾಗಿದ್ದರೆ ಬೈಯುತ್ತಿದ್ದ. ಇಂದು ಇಲಿಯ ಬಾಲ ಹಿಡಿದು ಮೆಲ್ಲಗೆ ಎತ್ತಿ, ಹಿತ್ತಿಲಿನ ಬೇಲಿಯ ಬುಡದಲ್ಲಿ ಬಿಟ್ಟ. ಅದು ರೊಟ್ಟಿ ಕಚ್ಚಿಕೊಂಡೇ ಓಡಿತು.

“ಹೊಳ್ಳಿ ನಮ್ಮ ಜ್ವಾಳದ ಚೀಲಕ್ಕಽ ಬರತೈತ್ರಿ ಅದು,” ಲಗಮವ್ವ ಗೊಣಗಿದಳು.

ಜಟ್ಟೆಪ್ಪ ಬುಟ್ಟಿಯತ್ತ ಬಾಗಿದ. ಮಾಸಿದ ಪೊರೆಯ ಕೆಳಗಿನಿಂದ ಹೊಸ ಮೈ ಹೊಳೆಯುತ್ತಿತ್ತು.

“ಬರಲಿ ಬಿಡು,” ಎಂದ. “ಬಂದ್ರ ಇನ್ನೊಂದ ರೊಟ್ಟಿ ಹಾಕು.”