ಆಡದ ಕೀಲು

"ಒಬ್ಬರಿಗಾ, ಇಬ್ಬರಿಗಾ?"

ಅಂಗಡಿಯ ಸೆಂಗ್ ದೊಡ್ಡಪ್ಪ ಕೈಲಿದ್ದ ಗಾಜನ್ನು ಒರೆಸುತ್ತಲೇ ಕೇಳಿದರು. ದುರ್ಬೀನು ಕೊಳ್ಳಲು ಬಂದ ಯಾರಿಗೇ ಆದರೂ ಅವರ ಮೊದಲ ಪ್ರಶ್ನೆ ಅದೇ. ಒಬ್ಬರೇ ಬಳಸುವುದಾದರೆ ಎರಡು ಕೊಳವೆಗಳ ನಡುವಿನ ಕೀಲನ್ನು ಅವರ ಕಣ್ಣಿನ ಅಳತೆಗೆ ಕೂರಿಸಿ, ಅಲ್ಲಾಡದಂತೆ ಬಿಗಿ ಮಾಡಿ ಕೊಡುತ್ತಾರೆ. ಇಬ್ಬರಾದರೆ ಸಡಿಲ ಬಿಡುತ್ತಾರೆ. ಚಿಯಾಂಗ್ ಮಾಯ್‌ನಲ್ಲಿ ಹಕ್ಕಿ ನೋಡುವ ಮಂದಿ ದೊಡ್ಡ ಅಂಗಡಿಗಳನ್ನು ದಾಟಿ ಈ ಗಲ್ಲಿಯೊಳಗೆ ಬರುವುದು ಅದಕ್ಕೇ.

"ಒಬ್ಬಳಿಗೆ," ಎಂದಳು ದಾರಿಕಾ. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು ಅದು. ದನಿ ಸಣ್ಣದಾಗಿದ್ದರಿಂದ ಇನ್ನೊಮ್ಮೆ ಹೇಳಬೇಕಾಯಿತು. "ಒಬ್ಬಳಿಗೇ. ಚಿಕ್ಕದು ಕೊಡಿ, ಬೆನ್ನಚೀಲದಲ್ಲಿ ಭಾರ ಆಗ್ಬಾರ್ದು. ನಾಳೆ ಇಂತಾನನ್ ಬೆಟ್ಟಕ್ಕೆ ಹೋಗ್ತಿದೀನಿ."

"ನಿನ್ನ ಜೊತೆ ಒಬ್ಬ ಬರ್ತಿದ್ನಲ್ಲ, ತೆಂಗಿನಮರದ ಹಾಗೆ ಉದ್ದಕ್ಕೆ? ಖಂಪನ್. ಎಲ್ಲಿ ಅವ್ನು?"

"ಸೊಂಗ್‌ಖ್ಲಾದಲ್ಲಿ ಕೆಲಸ ಸಿಕ್ತು. ಹೋದ."

"ಅಷ್ಟು ದೂರಾನಾ! ಸಮುದ್ರದ ಊರು. ಅಲ್ಲೇನು ಮೀನು ನೋಡ್ತಾನಾ?"

ದಾರಿಕಾ ನಕ್ಕಂತೆ ಮಾಡಿದಳು. ಎರಡು ವರ್ಷ, ಭಾನುವಾರ ತಪ್ಪದಂತೆ, ಅವರಿಬ್ಬರೂ ಹಳದಿ ಟೆಂಪೊ ಹತ್ತಿ ಬೆಟ್ಟಕ್ಕೆ ಹೋಗಿದ್ದರು. ಇಬ್ಬರ ನಡುವೆ ಇದ್ದದ್ದು ಒಂದೇ ದುರ್ಬೀನು, ಅದೂ ಖಂಪನ್‌ದು. ಮೊದಲ ಭಾನುವಾರ ಅವಳು ಕೀಲು ತಿರುಗಿಸಿ ತನ್ನ ಕಣ್ಣಿಗೆ ಹೊಂದಿಸಿಕೊಳ್ಳುವಷ್ಟರಲ್ಲಿ ಹಸಿರುಬಾಲದ ಸೂರಕ್ಕಿ ಹಾರಿಹೋಗಿತ್ತು. ಅಳು ಬಂದು ಮುಖ ತಿರುಗಿಸಿಕೊಂಡಿದ್ದಳು. ಮುಂದಿನ ವಾರದಿಂದ ಆ ಕೀಲು ಆಡಲೇ ಇಲ್ಲ. ಮಳೇಲಿ ನೆನೆದು ತುಕ್ಕು ಹಿಡಿದಿರಬೇಕು ಅಂದಿದ್ದ. ಅವನು ಒಂದು ಕಣ್ಣು ಮುಚ್ಚಿಕೊಂಡು ಹಕ್ಕಿ ಹುಡುಕುವುದು, ಸಿಕ್ಕ ಕೂಡಲೇ ಇವಳ ಕೈಗೆ ಕೊಡುವುದು. "ಒಕ್ಕಣ್ಣ" ಎಂದು ಇವಳು ಕಾಡಿಸುವುದು. ಆಮೇಲೆ ಅಂಟನ್ನ, ಸುಟ್ಟ ಹಂದಿಮಾಂಸ ತಿಂದು ಇಳಿದು ಬರುವುದು. ಮಾತು ಕಡಿಮೆ. ಹಕ್ಕಿ ಇರುವಲ್ಲಿ ಮಾತಾಡಬಾರದು ಎನ್ನುವುದು ಇಬ್ಬರಿಗೂ ಅನುಕೂಲವೇ ಆಗಿತ್ತು.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಅವನು ಕೊರಳಿನ ದುರ್ಬೀನು ತೆಗೆದು ಚಾಚಿದ್ದ. "ಇದು ನಿನ್ಹತ್ರಾನೇ ಇರ್ಲಿ."

"ಕೀಲೇ ಆಡದ್ದು ನಂಗ್ಯಾಕೆ? ನೀನೇ ಇಟ್ಕೋ," ಎಂದಿದ್ದಳು, ತಮಾಷೆಗೆ. ಅವನು ಸ್ವಲ್ಪ ಹೊತ್ತು ಹಾಗೇ ಕೈ ಚಾಚಿಕೊಂಡು ನಿಂತಿದ್ದು, ಮತ್ತೆ ಕೊರಳಿಗೆ ಹಾಕಿಕೊಂಡು ಬಸ್ ಹತ್ತಿದ. ಎರಡು ತಿಂಗಳಾಯಿತು, ಫೋನಿಲ್ಲ. ತಾನಾಗಿ ಮಾಡಲು ಅವಳಿಗೆ ಧೈರ್ಯ ಸಾಲದು. ತಾನು ಅವನಿಗೆ ಭಾನುವಾರದ ಜೊತೆಗಿಂತ ಹೆಚ್ಚೇನಾದರೂ ಆಗಿದ್ದೆನೇ? ಎಷ್ಟು ಯೋಚಿಸಿದರೂ ಒಂದು ಗುರುತೂ ನೆನಪಾಗುತ್ತಿರಲಿಲ್ಲ.

ದೊಡ್ಡಪ್ಪ ಎರಡು ದುರ್ಬೀನು ಮುಂದಿಟ್ಟರು. "ಇದು ಮಡಚಿದ್ರೆ ಜೇಬಲ್ಲಿ ಕೂರುತ್ತೆ. ಆದ್ರೆ ಎರಡು ಕೀಲು, ತೆಗೆದಾಗಲೆಲ್ಲ ಬಿಡಿಸಿ ಹೊಂದಿಸ್ಬೇಕು. ಅಲ್ಲೀತನಕ ಸೂರಕ್ಕಿ ನಿನ್ನ ಮುಖ ನೋಡ್ಕೊಂಡು ಕೂತಿರುತ್ತಾ? ಇದು ಒಂದೇ ಕೀಲಿಂದು. ಒಂಚೂರು ದಪ್ಪ, ಆದ್ರೆ ತೆಗೆದ ತಕ್ಷಣ ಹಕ್ಕಿ."

"ದಪ್ಪಂದೇ ಕೊಡಿ."

ಅವರು ಅಡಿಪಟ್ಟಿಯನ್ನು ಅವಳ ಮೂಗಿನ ಮೇಲೆ ಅಡ್ಡ ಹಿಡಿದು ಎರಡು ಕಣ್ಣುಗಳ ನಡುವಿನ ಅಂತರ ಅಳೆದರು. "ಐವತ್ತಾರು ಮಿಲಿಮೀಟರು! ಇಷ್ಟು ಹತ್ತಿರ ಕಣ್ಣಿಟ್ಕೊಂಡು ಮೂಗಿಗೆ ಜಾಗ ಎಲ್ಲಿ ಸಿಕ್ತು ಮಗಳೇ?" ಎನ್ನುತ್ತಾ ಕೀಲಿನ ತಲೆಯ ಮೇಲಿದ್ದ ಪುಟ್ಟ ಅಂಕಿಗಳಲ್ಲಿ ಐವತ್ತಾರಕ್ಕೆ ಗೆರೆ ಕೂಡಿಸಿ ಕೊಟ್ಟರು. ಅವಳು ಕಣ್ಣಿಗೆ ಹಿಡಿದಾಗ ಎದುರಿನ ತಂತಿಯ ಮೇಲೆ ಕೂತಿದ್ದ ಗುಬ್ಬಿ ಒಂದೇ ದುಂಡನೆಯ ಬೆಳಕಿನೊಳಗೆ ಬಂದು ನಿಂತಿತು.

"ಖಂಪನ್‌ದೂ ಇದೇ ಅಂಕಿ ಮೇಲಿರ್ತಿತ್ತು," ಎಂದಳು. "ತುಕ್ಕು ಹಿಡಿದು ಅಲ್ಲೇ ನಿಂತುಬಿಟ್ಟಿತ್ತು ಪಾಪ."

"ತುಕ್ಕಾ?" ದೊಡ್ಡಪ್ಪನಿಗೆ ಸಿಟ್ಟೇ ಬಂತು. "ನನ್ನ ಅಂಗಡಿ ಮಾಲಿಗೆ ತುಕ್ಕು ಹಿಡಿಯುತ್ತಾ? ನಾನೇ ಬಿಗಿ ಮಾಡಿ ಕೊಟ್ಟಿದ್ದು. ಚೀಟೀಲಿ ಐವತ್ತಾರು ಅಂತ ಬರ್ಕೊಂಡು ಬಂದಿದ್ದ. 'ಲೋ, ನಿಂದು ಅರವತ್ತೆಂಟು ಕಣೋ, ಇದ್ರಲ್ಲಿ ನಿಂಗೆ ಒಂದೇ ಕಣ್ಣಿಗೆ ಕಾಣೋದು' ಅಂದೆ. 'ನಂಗೆ ಒಂದು ಸಾಕು ದೊಡ್ಡಪ್ಪಾ' ಅಂದ. ಹುಚ್ಚ!"

ದಾರಿಕಾ ದುರ್ಬೀನನ್ನು ಕಣ್ಣಿನಿಂದ ಇಳಿಸಿದಳು. ಮೆಲ್ಲಗೆ ಕೀಲನ್ನು ತಿರುಗಿಸಿದಳು. ಅರವತ್ತು, ಅರವತ್ತೈದು, ಅರವತ್ತೆಂಟು. ಮತ್ತೆ ಕಣ್ಣಿಗೆ ಹಿಡಿದಾಗ ಬೆಳಕು ಎರಡಾಗಿ ಒಡೆದಿತ್ತು, ನಡುವೆ ಕಪ್ಪು. ಒಂದು ಕಣ್ಣು ಮುಚ್ಚಿದಳು. ಗುಬ್ಬಿ ಇನ್ನೂ ಅಲ್ಲೇ ಇತ್ತು.

"ಏ, ಅಳತೆ ಕೆಡಿಸ್ಬಿಟ್ಯಲ್ಲ! ಕೊಡಿಲ್ಲಿ, ಐವತ್ತಾರಕ್ಕೆ ತಂದು ಬಿಗಿ ಮಾಡ್ತೀನಿ." ದೊಡ್ಡಪ್ಪ ಸ್ಕ್ರೂಡ್ರೈವರ್ ಎತ್ತಿಕೊಂಡರು. "ಒಬ್ಬಳಿಗೇ ತಾನೇ?"

"ಬೇಡ ದೊಡ್ಡಪ್ಪಾ," ಎಂದಳು, ದುರ್ಬೀನನ್ನು ಮುಖದಿಂದ ಇಳಿಸದೆ. "ಸಡಿಲವಾಗೇ ಇರ್ಲಿ."